ಕವಚ ತೆರೆಯುವ ಮುನ್ನ

ತಾಯಿಯ ಒಡಲಲ್ಲಿ ಅಂಕುರಿಸುವ ಜೀವಕ್ಕೆ ಮೊದಲ ದಿನಗಳಲ್ಲಿ ತೆಳುವಾದೊಂದು ಕವಚವೇ ಮನೆ. ಐದಾರು ದಿನಗಳಲ್ಲಿ ಭ್ರೂಣವು ಅದನ್ನು ತಾನೇ ಭೇದಿಸಿ ಹೊರಬಂದು ಗರ್ಭಕೋಶವನ್ನು ಆಶ್ರಯಿಸುತ್ತದೆ. ಐವಿಎಫ್ ಚಿಕಿತ್ಸೆಯಲ್ಲಿ ಕವಚ ಗಡುಸಾಗಿರಬಹುದೆಂದು ತೋರಿದಾಗ ತಜ್ಞರು ಲೇಸರ್ ಕಿರಣದಿಂದ ಅದನ್ನು ತುಸು ತೆರೆಯುವುದುಂಟು. ‘ಅಸಿಸ್ಟೆಡ್ ಹ್ಯಾಚಿಂಗ್’ ಎಂದರೆ ಇದೇ. ಅಣುವ್ರತ ಪಾಲಿಸುವ ದಂಪತಿಗಳಿಗೆ ಇಲ್ಲಿ ಅಳುಕು ಸಹಜ: ಇದು ಹಿಂಸೆಯಲ್ಲವೇ?

ಅಹಿಂಸಾಣುವ್ರತಕ್ಕೆ ತತ್ತ್ವಾರ್ಥಸೂತ್ರವು ಐದು ಅತಿಚಾರಗಳನ್ನು ಹೇಳುತ್ತದೆ: ಕಟ್ಟಿಹಾಕುವುದು, ಹೊಡೆಯುವುದು, ಅಂಗಚ್ಛೇದನ, ಅತಿಭಾರ ಹೇರುವುದು, ಅನ್ನಪಾನಗಳನ್ನು ತಡೆಯುವುದು. ಲೇಸರಿನ ಮಾತು ಕೇಳಿದೊಡನೆ ಮನಸ್ಸು ಛೇದವನ್ನು ನೆನೆಯುತ್ತದೆ. ಆದರೆ ಕವಚವು ಹೇಗೂ ಕಳಚಬೇಕಾದ ಹೊದಿಕೆ. ಹಿಂಸೆಯ ಬೇರು ಪ್ರಮಾದದಲ್ಲಿದೆ. ಜೀವಕ್ಕೆ ದಾರಿ ಬಿಡಿಸಲು ಎಚ್ಚರದಿಂದ ಮಾಡಿದ ಕಾರ್ಯವನ್ನು ಛೇದವೆನ್ನಲಾಗದು. ಈ ಕ್ರಮದಿಂದ ಶಿಶುಜನನ ಹೆಚ್ಚುವುದೆಂಬುದು ಖಚಿತವಾಗಿಲ್ಲ. ಆದ್ದರಿಂದ ಅದರ ಅಗತ್ಯವನ್ನು ವೈದ್ಯರಲ್ಲಿ ವಿಚಾರಿಸುವುದೂ ಎಚ್ಚರದ ಭಾಗವೇ.

ನಿಜವಾದ ಪ್ರಶ್ನೆ ಬೇರೆಡೆ ಇದೆ. ಪ್ರಯೋಗಾಲಯದಲ್ಲಿ ಹಲವು ಭ್ರೂಣಗಳು ರೂಪುಗೊಳ್ಳುತ್ತವೆ. ಸಾಮಾನ್ಯವಾಗಿ ಒಂದನ್ನು ಗರ್ಭಕ್ಕೆ ಸೇರಿಸಿ, ಉಳಿದವನ್ನು ಮೈನಸ್ 196 ಡಿಗ್ರಿಯ ದ್ರವಸಾರಜನಕದಲ್ಲಿ ಇಡುತ್ತಾರೆ. 2021ರ ಕಾಯ್ದೆಯಂತೆ ಹತ್ತು ವರ್ಷಗಳವರೆಗೆ ಅವನ್ನು ಹಾಗೆ ಇಡಬಹುದು. ಬಳಿಕ ಅವು ನಶಿಸಬೇಕು, ಇಲ್ಲವೇ ದಂಪತಿಗಳ ಸಮ್ಮತಿಯಿಂದ ಸಂಶೋಧನೆಗೆ ಸಲ್ಲಬೇಕು. ಕಟ್ಟಿಹಾಕುವುದು, ಅನ್ನಪಾನ ತಡೆಯುವುದು ಎಂಬ ಅತಿಚಾರಗಳು ನೆನಪಾಗಬೇಕಾದುದು ಇಲ್ಲಿ.

ಬಾವಿಯ ನೀರನ್ನು ಸೋಸಿ, ಬಟ್ಟೆಯಲ್ಲುಳಿದ ಸೂಕ್ಷ್ಮಜೀವಗಳನ್ನು ಮರಳಿ ಅದೇ ಬಾವಿಗೆ ಬಿಡುವ ಸಂಪ್ರದಾಯ ಶ್ರಾವಕರದು. ಕಣ್ಣಿಗೆ ಕಾಣದ ಜೀವಕ್ಕೂ ಅದರ ನೆಲೆ ತಪ್ಪದಿರಲೆಂಬುದು ಅದರ ಆಶಯ. ನೀರಿನ ವಿಷಯದಲ್ಲಿ ಇಷ್ಟು ಎಚ್ಚರ ವಹಿಸುವ ಮನೆತನವು ತನ್ನದೇ ಕುಲದ ಕುಡಿಗಳ ವಿಷಯದಲ್ಲಿ ಸಹಿ ಹಾಕಿ ಮರೆತುಬಿಡುವುದು ಯುಕ್ತವೇ?

ಸಂತಾನದ ಹಂಬಲ ಗೃಹಸ್ಥಧರ್ಮಕ್ಕೆ ಹೊರತಲ್ಲ. ಮಕ್ಕಳಿಲ್ಲದವರನ್ನು ಮಾತಿನಿಂದ ಚುಚ್ಚುವುದೂ ಹಿಂಸೆಯೇ. ಚಿಕಿತ್ಸೆ ಬೇಡವೆನ್ನುವುದು ಇಲ್ಲಿನ ಮಾತಲ್ಲ. ಸಾಕಿ ಬೆಳೆಸಲು ಸಿದ್ಧವಿರುವಷ್ಟೇ ಭ್ರೂಣಗಳನ್ನು ರೂಪಿಸಿ, ಉಳಿದ ಅಂಡಗಳನ್ನು ಫಲಿತಗೊಳಿಸದೆಯೇ ಕಾದಿರಿಸುವಂತೆ ದಂಪತಿಗಳು ಮೊದಲೇ ಕೇಳಬಹುದು. ಇದರಿಂದ ವೆಚ್ಚ ಹೆಚ್ಚಬಹುದು, ಸಫಲತೆಯ ಸಾಧ್ಯತೆ ಕುಗ್ಗಲೂಬಹುದು. ವ್ರತವೆಂಬುದು ಇಂತಹ ನಷ್ಟವನ್ನು ತಿಳಿದೇ ಒಪ್ಪಿಕೊಳ್ಳುವುದು. ಕವಚ ತೆರೆಯುವ ಕಿರಣಕ್ಕೆ ಅಂಜುವ ಮುನ್ನ, ಎಷ್ಟು ಜೀವಗಳನ್ನು ಕರೆಯುತ್ತಿದ್ದೇವೆ ಎಂದು ಎಣಿಸುವುದೇ ಇಲ್ಲಿ ಅಹಿಂಸೆಯ ಮೊದಲ ಪಾಠ.