ಮೈಕು ಆನ್ ಇದೆ, ನಾಲಿಗೆ ಜೋಪಾನ!

ರಾತ್ರಿ ಹತ್ತು ಗಂಟೆ ಮೇಲೆ ರಾಮನಗರದ ಐಜೂರಿನಲ್ಲೋ ಚನ್ನಪಟ್ಟಣದ ಕೋಟೆ ಕಡೆಯೋ ನಡೆದು ಹೋಗುವವರಿಗೆ ಈ ಕೂಗು ಈಗ ಹೊಸದಲ್ಲ. ಮಹಡಿ ರೂಮಿನ ಕಿಟಕಿಯಿಂದ ಒಬ್ಬ ಹುಡುಗ "ಬಲಕ್ಕವ್ನೆ ಕಣ್ಲಾ, ಬಲಕ್ಕವ್ನೆ! ಒಳೀಕ್ ಬುಡ್ಬ್ಯಾಡ!" ಅಂತ ಗಂಟಲು ಹರಿದುಕೊಳ್ಳುತ್ತಿರುತ್ತಾನೆ. ಎದುರು ಮನೆಯವರು ದಾಯಾದಿಗಳ ಜಗಳ ಇರಬೇಕು ಅಂತ ಬಾಗಿಲು ತೆರೆದು ನೋಡ್ತಾರೆ. ಜಗಳ ಅಲ್ಲ ಸ್ವಾಮಿ, ಕಾರ್ ರೇಸು. ಈ ಹುಡುಗ ಇಲ್ಲಿ, ಇವನ ಜೊತೆಗಾರ ಕನಕಪುರದಲ್ಲಿ, ಇನ್ನೊಬ್ಬ ಮಾಗಡಿಯಲ್ಲಿ, ಎದುರಾಳಿ ಪುಣೆಯಲ್ಲೋ ಪೋಲೆಂಡಿನಲ್ಲೋ. ಎಲ್ಲರ ತಲೆ ಮೇಲೂ ಹೆಡ್‌ಫೋನು, ಎಲ್ಲರ ಬಾಯಿ ಮುಂದೆಯೂ ಒಂದು ಮೈಕು.

ಈ ಮೈಕಿನ ಬಗ್ಗೆಯೇ ನಾಲ್ಕು ಮಾತು ಬರೆಯಬೇಕಾಗಿದೆ.

ಮೊದಲು ಆಟ ಏನು ಅಂತ ತಿಳಿಯದ ಹಿರಿಯರಿಗೆ ಸ್ವಲ್ಪ ಹೇಳಿಬಿಡೋಣ. ಇದನ್ನ ಸಿಮ್ಯುಲೇಷನ್ ರೇಸಿಂಗ್ ಅಂತಾರೆ. ಮೊಬೈಲ್ ಮೇಲೆ ಬೆರಳು ಉಜ್ಜಿ ಆಡುವ ಆಟಕ್ಕಿಂತ ಒಂದು ಕೈ ಮೇಲು. ಟಯರು ಸವೆಯುತ್ತೆ, ಪೆಟ್ರೋಲು ಖಾಲಿಯಾಗುತ್ತೆ, ಬ್ರೇಕು ಒಂದು ಕ್ಷಣ ತಡವಾಗಿ ಒತ್ತಿದರೆ ಗಾಡಿ ಮಣ್ಣಿಗೆ ಇಳಿಯುತ್ತೆ. 2008ರಲ್ಲಿ ಶುರುವಾದ ಐರೇಸಿಂಗ್, 2014ರಲ್ಲಿ ಬಂದ ಅಸೆಟ್ಟೊ ಕೊರ್ಸ, ಇಂಥವು ಈ ಪೈಕಿ ಹೆಸರು ಮಾಡಿದವು. ಸ್ಟೀರಿಂಗು, ಪೆಡಲು ಸೇರಿದ ಒಂದು ಸಾಧಾರಣ ಸೆಟ್ಟಿಗೇ 25-30 ಸಾವಿರ ರೂಪಾಯಿ ಬೀಳೋದರಿಂದ ನಮ್ಮ ಹುಡುಗರಲ್ಲಿ ಅರ್ಧಕ್ಕರ್ಧ ಜನ ಕೀಬೋರ್ಡಿನಲ್ಲೇ ಆಡ್ತಾರೆ. ಆಟಕ್ಕೆ ಜೊತೆಯಾಗಿ ಮಾತಿಗೆ ಬೇರೆ ಸಾಫ್ಟ್‌ವೇರು. ಮೊದಲು ಟೀಮ್‌ಸ್ಪೀಕ್, ಮಂಬಲ್ ಅಂತಿದ್ದವು. 2015ರಲ್ಲಿ ಡಿಸ್ಕಾರ್ಡ್ ಬಂದ ಮೇಲೆ ಹೆಚ್ಚಿನವರು ಅದರೊಳಗೇ ಸೇರಿಕೊಂಡರು. ಅದರಲ್ಲಿ ರೂಮು ಅಂತ ಮಾಡ್ತಾರೆ. ಒಳಗೆ ಹೋದವನಿಗೆ ಎಲ್ಲರ ಮಾತೂ ಕೇಳುತ್ತೆ, ಇವನ ಮಾತೂ ಎಲ್ಲರಿಗೂ ಕೇಳುತ್ತೆ.

ರೇಸಿನಲ್ಲಿ ಮಾತು ಯಾಕೆ ಬೇಕು? ಒಳ್ಳೇ ಪ್ರಶ್ನೆ. ಲಾರಿ ಹಿಂದಕ್ಕೆ ತೆಗೆಯುವಾಗ ಕ್ಲೀನರ್ ಹಿಂದೆ ನಿಂತು "ಬರ್ಲಿ, ಬರ್ಲಿ, ಬರ್ಲಿ... ಹೋಲ್ಡಾನ್!" ಅಂತ ಕೂಗಿ ಬಾಡಿಗೆ ಎರಡು ಏಟು ಹಾಕ್ತಾನಲ್ಲ, ಅದಕ್ಕೇ. ಕಂಪ್ಯೂಟರ್ ಪರದೆಯಲ್ಲಿ ಮುಂದಿನದಷ್ಟೇ ಕಾಣೋದು. ಪಕ್ಕದಲ್ಲಿ ಯಾರು ತೂರಿಕೊಂಡು ಬಂದ ಅಂತ ಕತ್ತು ತಿರುಗಿಸಿದರೆ ಗೋಡೆ ಮೇಲಿನ ಕ್ಯಾಲೆಂಡರು ಕಾಣುತ್ತೆ ಅಷ್ಟೆ. ಆದ್ದರಿಂದ ಇನ್ನೊಬ್ಬ ಕೂತು ನೋಡಿ ಹೇಳಬೇಕು. ಅಮೆರಿಕದ ನಾಸ್ಕಾರ್ ರೇಸಿನಲ್ಲಿ ಇಂಥವನಿಗೆ ಸ್ಪಾಟರ್ ಅಂತ ಹೆಸರು. ಸ್ಟೇಡಿಯಂ ಮೇಲೆ ನಿಂತು ರೇಡಿಯೋದಲ್ಲಿ ಡ್ರೈವರ್ ಕಿವಿಗೆ ಹೇಳೋದೇ ಅವನ ಕೆಲಸ. ರ‍್ಯಾಲಿಗಳಲ್ಲಂತೂ ಪಕ್ಕದ ಸೀಟಿನಲ್ಲಿ ಕೂತ ನ್ಯಾವಿಗೇಟರು ಮುಂದಿನ ತಿರುವನ್ನ ಓದಿ ಓದಿ ಹೇಳದಿದ್ದರೆ ಡ್ರೈವರ್ ಕುರುಡ. ಕಾಸರಗೋಡಿನ ಮೂಸಾ ಶರೀಫ್ ಹೀಗೆ ಗೌರವ್ ಗಿಲ್ ಪಕ್ಕ ಕೂತು ಓದಿ ಓದಿಯೇ ರಾಷ್ಟ್ರೀಯ ರ‍್ಯಾಲಿ ಚಾಂಪಿಯನ್ ಆದವರು. ಸ್ಟೀರಿಂಗ್ ಹಿಡಿಯದೆ, ಬಾಯಿಂದಲೇ ಗೆದ್ದವರು ಅಂದರೂ ತಪ್ಪಿಲ್ಲ.

ಲೆಕ್ಕ ನೋಡಿ. ಗಂಟೆಗೆ 200 ಕಿ.ಮೀ. ಅಂದರೆ ಸೆಕೆಂಡಿಗೆ ಸುಮಾರು 55 ಮೀಟರು. "ಬಲಕ್ಕವ್ನೆ" ಅನ್ನೋ ಮಾತು ಅರ್ಧ ಸೆಕೆಂಡು ತಡವಾಗಿ ಕಿವಿಗೆ ಬಿದ್ದರೆ ಗಾಡಿ ಆಗಲೇ 27 ಮೀಟರ್ ಮುಂದೆ ಹೋಗಿ ಡಿಕ್ಕಿ ಹೊಡೆದಾಗಿರುತ್ತೆ. ಹೀಗಾಗಿ ಪಳಗಿದ ಹುಡುಗರು ರೇಸಿನ ಮಧ್ಯೆ ಪುರಾಣ ಹೊಡೆಯಲ್ಲ. "ಬಲಕ್ಕೆ." "ಇನ್ನೂ ಅವ್ನೆ." "ಓದ, ಕ್ಲಿಯರ್." "ಪಿಟ್ಟಿಗೆ ಬತ್ತಾವ್ನಿ." ಇಷ್ಟೇ. ಬ್ರೇಕ್ ಹಾಕೋ ಜಾಗದಲ್ಲಿ ಯಾರೂ ಬಾಯಿ ಬಿಡೋ ಹಾಗಿಲ್ಲ ಅನ್ನೋದು ಅವರೇ ಮಾಡಿಕೊಂಡ ಕಾನೂನು. ಪಿ.ಯು.ಸಿ.ಯಲ್ಲಿ ಇಂಗ್ಲಿಷ್ ಮೇಷ್ಟ್ರು ಎಷ್ಟು ಹೊಡೆದರೂ ಬರದ ಸಂಕ್ಷಿಪ್ತತೆ ಇಲ್ಲಿ ತಾನಾಗೇ ಬಂದಿದೆ. ಇನ್ನು ಕೆಲವರು ಮೈಕನ್ನ ಸದಾ ತೆರೆದಿಡಲ್ಲ. ಸ್ಟೀರಿಂಗ್ ಮೇಲಿನ ಒಂದು ಬಟನ್ ಒತ್ತಿದಾಗ ಮಾತ್ರ ದನಿ ಹೊರಕ್ಕೆ ಹೋಗುತ್ತೆ, ಪೊಲೀಸರ ವಾಕಿಟಾಕಿ ಇದ್ದ ಹಾಗೆ. ಇದರಿಂದ ಅಮ್ಮನ ಮಿಕ್ಸಿ ಸದ್ದು, ಕುಕ್ಕರ್ ಸೀಟಿ, ಬೀದಿ ನಾಯಿಯ ಬೊಗಳು ಪೋಲೆಂಡಿನವನ ಕಿವಿಗೆ ಬೀಳೋದು ತಪ್ಪುತ್ತೆ.

ಮನೆಯವರು ಮಾತಿಗೇ ಡೇಟಾ ಎಲ್ಲಾ ಖಾಲಿ ಆಗುತ್ತೆ ಅಂತ ಬೈಯೋದುಂಟು. ಅದು ಸುಳ್ಳು. ಡಿಸ್ಕಾರ್ಡಿನ ಸಾಮಾನ್ಯ ಲೆಕ್ಕ ಸೆಕೆಂಡಿಗೆ 64 ಕಿಲೋಬಿಟ್. ಒಬ್ಬ ಗಂಟೆಗಟ್ಟಲೆ ಉಸಿರು ಬಿಡದೆ ಮಾತಾಡಿದರೂ ಗಂಟೆಗೆ 30 ಎಂ.ಬಿ. ಮುಟ್ಟಲ್ಲ. ಡೇಟಾ ತಿನ್ನೋದು ರೀಲ್ಸು, ಅದನ್ನ ಯಾರು ನೋಡ್ತಾರೆ ಅಂತ ಮನೆಯವರನ್ನೇ ಕೇಳಬೇಕು.

ಇಲ್ಲಿಯವರೆಗೆ ಎಲ್ಲಾ ಚೆನ್ನಾಗಿದೆ. ಗಾಡಿಗೆ ಗಾಡಿ ತಾಗಿದ ಮೇಲೆ ಶುರುವಾಗೋದೇ ಬೇರೆ.

ಯಾರೋ ಹಿಂದಿನಿಂದ ಗುದ್ದಿದ. ಅರ್ಧ ಗಂಟೆ ಪಟ್ಟ ಶ್ರಮ ಗೋಡೆಗೆ ಹೋಯ್ತು. ಸಿಟ್ಟು ಬರೋದು ಸಹಜ. ಮೊದಲು ಅಮ್ಮ, ಅಕ್ಕನ ಮೇಲೆ ಬೈಗುಳ. ಅದು ಮುಗಿದ ಮೇಲೆ ಜಾತಿ. ಅದೂ ಸಾಲದಾದರೆ ಧರ್ಮ. ಈ ಅಂಕಣಕಾರ ಕೆಲವು ರಾತ್ರಿ ಇಂಥ ರೂಮುಗಳಲ್ಲಿ ಬರೀ ಕೇಳುತ್ತಾ ಕೂತಿದ್ದಾನೆ. ಬಸ್ ಸ್ಟ್ಯಾಂಡಿನಲ್ಲಿ ನಿಂತು ಅಂದರೆ ಹಲ್ಲು ಉದುರಿ ಹೋಗಬಹುದಾದ ಮಾತನ್ನ ಮೀಸೆ ಚಿಗುರದ ಹುಡುಗರು ಸರಾಗವಾಗಿ ಆಡ್ತಾರೆ. "ಏನ್ ಗುರು ಇದು?" ಅಂತ ಕೇಳಿದರೆ "ತಮಾಷೆಗಣ್ಣ, ರೂಮಲ್ಲಿ ಎಲ್ರೂ ನಮ್ಮೋರೇ" ಅನ್ನೋ ಉತ್ತರ. ಎಲ್ಲರೂ ನಮ್ಮೋರೇ? ಆ ಜಾತಿಯ ಹುಡುಗನೂ ಅದೇ ರೂಮಿನಲ್ಲಿ ಇರಬಹುದಲ್ಲ? ಇದ್ದರೂ ಸುಮ್ಮನೆ ನಕ್ಕು ಇರ್ತಾನೆ. ನಗದೇ ಇದ್ದರೆ ಮುಂದಿನ ರೇಸಿಗೆ ಅವನನ್ನ ಕರೆಯೋದಿಲ್ಲ.

ಚನ್ನಪಟ್ಟಣದ ಒಬ್ಬ ಹುಡುಗಿ ಆಡ್ತಾಳೆ, ಚೆನ್ನಾಗೇ ಆಡ್ತಾಳೆ. ಹೆಸರು ಹಾಕಲ್ಲ. ಅವಳ ಮೈಕು ಯಾವಾಗಲೂ ಬಂದ್. ಒಂದು ಸಲ ಬಾಯಿ ತೆರೆದಿದ್ದಕ್ಕೆ ರೇಸು ಮುಗಿಯುವವರೆಗೂ ಫೋನ್ ನಂಬರ್ ಕೇಳಿದವರೇ ಹೆಚ್ಚು, "ಎಡಕ್ಕೆ ಇದಾನೆ" ಅಂದವರು ಯಾರೂ ಇಲ್ಲ. ಅವಳೀಗ ಟೈಪ್ ಮಾಡಿ ಹೇಳ್ತಾಳೆ. ಸೆಕೆಂಡಿಗೆ 55 ಮೀಟರ್ ಓಡೋ ಗಾಡಿಯಲ್ಲಿ ಟೈಪ್ ಮಾಡೋಕೆ ಒಂದು ಕೈ ಸ್ಟೀರಿಂಗಿನಿಂದ ತೆಗೀಬೇಕು. ಹುಡುಗರ ಎರಡು ಕೈಯ ಜೊತೆ ಇವಳ ಒಂದು ಕೈ ಪೈಪೋಟಿ. ಇದನ್ನ ರೇಸು ಅಂತೀರಾ?

"ರೂಮಲ್ಲಿ ನಮ್ಮೋರೇ" ಅಂದುಕೊಂಡವನ ಗತಿ ಏನಾಯ್ತು ಅಂತ ಒಂದು ಕತೆ ಹೇಳ್ತೀನಿ, ನಡೆದ ಕತೆ. 2020ರಲ್ಲಿ ಕೊರೋನಾ ಬಂದು ನಿಜವಾದ ರೇಸುಗಳೆಲ್ಲ ನಿಂತಿದ್ದವು. ದೊಡ್ಡ ದೊಡ್ಡ ಡ್ರೈವರುಗಳೇ ಮನೆಯಲ್ಲಿ ಕೂತು ಐರೇಸಿಂಗ್ ಆಡ್ತಿದ್ದರು. ಏಪ್ರಿಲ್ 12ರ ರಾತ್ರಿ ನಾಸ್ಕಾರಿನ ಹೆಸರಾಂತ ಡ್ರೈವರ್ ಕೈಲ್ ಲಾರ್ಸನ್ ಇಂಥ ಒಂದು ರೇಸಿನಲ್ಲಿದ್ದ. ತನ್ನ ಸ್ಪಾಟರಿಗೆ ಕೇಳ್ತಿಲ್ಲ ಅಂದುಕೊಂಡು ಮೈಕ್ ಪರೀಕ್ಷೆ ಮಾಡುವಾಗ ಕರಿಯರನ್ನ ಹೀಯಾಳಿಸೋ ಒಂದು ಪದ ಬಾಯಿಂದ ಬಂತು. ಅದು ಹೋಗಿದ್ದು ಸ್ಪಾಟರ್ ಒಬ್ಬನಿಗಲ್ಲ, ಇಡೀ ರೂಮಿಗೆ, ಅಲ್ಲಿಂದ ನೇರ ಪ್ರಸಾರ ನೋಡ್ತಿದ್ದವರಿಗೆ. ಎಲ್ಲರಿಗೂ ಕೇಳ್ತಿದೆ ಮಾರಾಯ ಅಂತ ಜೊತೆ ಡ್ರೈವರೇ ಎಚ್ಚರಿಸಬೇಕಾಯ್ತು. ಮಾರನೇ ದಿನ ನಾಸ್ಕಾರ್ ಅಮಾನತು ಮಾಡಿತು. ಪ್ರಾಯೋಜಕರು ಕೈ ಬಿಟ್ಟರು. ಅದರ ಮಾರನೇ ದಿನ ಚಿಪ್ ಗನಾಸಿ ತಂಡ ಕೆಲಸದಿಂದಲೇ ತೆಗೆಯಿತು. ಒಂದೇ ಒಂದು ಪದ, ಎರಡೇ ದಿನ. ಕ್ಷಮೆ ಕೇಳಿ, ತರಬೇತಿ ಮುಗಿಸಿ ಅವನು ವಾಪಸು ಬಂದದ್ದು 2021ರಲ್ಲಿ, ಬೇರೆ ತಂಡಕ್ಕೆ. ಆ ವರ್ಷವೇ ಚಾಂಪಿಯನ್ ಆದ, ಅದು ಬೇರೆ ಮಾತು.

ನಮ್ಮಲ್ಲಿ ಲಾರ್ಸನ್ ಇಲ್ಲ, ಪ್ರಾಯೋಜಕರೂ ಇಲ್ಲ, ಯಾರೇನು ಮಾಡ್ತಾರೆ ಅಂತ ಹುಡುಗರು ಕೇಳಬಹುದು. 1989ರ ದೌರ್ಜನ್ಯ ತಡೆ ಕಾಯ್ದೆ ಇದೆ. ಪರಿಶಿಷ್ಟ ಜಾತಿ, ಪಂಗಡದವರನ್ನ ಸಾರ್ವಜನಿಕರ ಕಣ್ಣೆದುರು ಜಾತಿ ಹಿಡಿದು ಬೈದರೆ ಅಪರಾಧ. ಇಂಟರ್‌ನೆಟ್ಟಿನಲ್ಲಿ ಬೈದರೆ ಅದು ಸಾರ್ವಜನಿಕವೋ ಅಲ್ಲವೋ ಅನ್ನೋ ಪ್ರಶ್ನೆ 2022ರಲ್ಲಿ ಕೇರಳ ಹೈಕೋರ್ಟಿನ ಮುಂದೆ ಬಂತು. ಅದು ಯೂಟ್ಯೂಬಿಗೆ ಹಾಕಿದ ವಿಡಿಯೋ ಪ್ರಕರಣ. ಸಾರ್ವಜನಿಕವೇ ಅಂತ ಕೋರ್ಟು ಹೇಳಿತು, ನಿರೀಕ್ಷಣಾ ಜಾಮೀನು ಕೊಡಲಿಲ್ಲ. ಮೂವತ್ತು ಜನ ಕೂತ ಗೇಮಿಂಗ್ ರೂಮಿಗೂ ಇದು ಅನ್ವಯಿಸುತ್ತಾ ಅಂತ ವಕೀಲರು ವಾದ ಮಾಡಿಕೊಳ್ಳಲಿ. ಆ ವಾದ ತನ್ನ ಮಗನ ಹೆಸರಿನಲ್ಲಿ ನಡೀಬೇಕು ಅಂತ ನಮ್ಮ ತಾಲ್ಲೂಕಿನ ಯಾವ ಅಪ್ಪ ಬಯಸ್ತಾನೆ? ಯಾವನೋ ರೆಕಾರ್ಡ್ ಮಾಡಿಕೊಂಡಿದ್ದರೆ ಸಾಕು.

ಹಾಗಾದರೆ ಆಟವನ್ನೇ ಬಂದ್ ಮಾಡಿಸಿ ಅನ್ನೋರು ಊರು ತುಂಬಾ ಇದ್ದಾರೆ. ಸ್ವಾಮಿ, ಬಂದ್ ಮಾಡಿ ನೋಡಿಯಾಗಿದೆ. 2020ರ ಸೆಪ್ಟೆಂಬರಿನಲ್ಲಿ ಕೇಂದ್ರ ಸರ್ಕಾರ ಪಬ್‌ಜಿ ಸೇರಿ 118 ಆಪ್ ಬಂದ್ ಮಾಡಿತು. 2021ರಲ್ಲಿ ಅದೇ ಆಟ ಬಿಜಿಎಂಐ ಅಂತ ಹೆಸರು ಬದಲಿಸಿ ಬಂತು. 2022ರಲ್ಲಿ ಮತ್ತೆ ನಿಂತಿತು, 2023ರಲ್ಲಿ ಮತ್ತೆ ಬಂತು. ನಮ್ಮ ರಾಜ್ಯ ಸರ್ಕಾರ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನ ನಿಷೇಧಿಸಿತು, 2022ರ ಫೆಬ್ರವರಿಯಲ್ಲಿ ಹೈಕೋರ್ಟು ಆ ಕಲಮುಗಳನ್ನ ಹೊಡೆದು ಹಾಕಿತು. 2025ರ ಆಗಸ್ಟಿನಲ್ಲಿ ಸಂಸತ್ತು ಪಾಸು ಮಾಡಿದ ಕಾಯ್ದೆ ಹಣದ ಆಟಕ್ಕೆ ಬೇಲಿ ಹಾಕಿದೆ, ಇ-ಸ್ಪೋರ್ಟ್ಸನ್ನ ಬೇರೆ ಮಾಡಿ ಪ್ರೋತ್ಸಾಹಿಸಬೇಕು ಅಂದಿದೆ. ಈ ವ್ಯತ್ಯಾಸ ತಿಳಿಯದೆ "ಆನ್‌ಲೈನ್ ಗೇಮ್ ಎಲ್ಲಾ ಬ್ಯಾನಂತೆ" ಅಂತ ಮಗನ ಸ್ಟೀರಿಂಗ್ ಕಿತ್ತು ಅಟ್ಟಕ್ಕೆ ಎಸೆದ ಅಪ್ಪಂದಿರೂ ನಮ್ಮಲ್ಲಿದ್ದಾರೆ. ಅದೇ ಅಪ್ಪ ಹತ್ತನೇ ಕ್ಲಾಸು ಪಾಸಾದ ಅಂತ ಬೈಕು ಕೊಡಿಸ್ತಾನೆ. ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇ 2023ರ ಮಾರ್ಚಿನಲ್ಲಿ ಉದ್ಘಾಟನೆಯಾಗಿ, ಸಾವು ನೋಡಲಾರದೆ ಆಗಸ್ಟ್ 1ರಿಂದ ಅದೇ ರಸ್ತೆಗೆ ಬೈಕು, ಆಟೋ, ಟ್ರ್ಯಾಕ್ಟರ್ ಬರಬಾರದು ಅಂತ ಮಾಡಬೇಕಾಯ್ತಲ್ಲ, ಮರೆತುಹೋಯ್ತಾ? ರೂಮಿನಲ್ಲಿ ಕೂತವನು ರಾತ್ರಿಗೆ ಇಪ್ಪತ್ತು ಸಲ ಗುದ್ದಿಕೊಂಡರೂ ಎದ್ದು ನೀರು ಕುಡಿದು ಬರ್ತಾನೆ.

ಮೈಕು ಕಿತ್ತುಕೊಳ್ಳೋದೂ ಉತ್ತರವಲ್ಲ. ಮಾತಿಲ್ಲದೆ ಗಾಡಿ ಆಟ ಯಾವ ಕಾಲದಲ್ಲಿತ್ತು? ಚನ್ನಪಟ್ಟಣದ ಆಲೆ ಮರದ ಕಾರಿಗೆ ದಾರ ಕಟ್ಟಿ ಎಳೆದ ಕಾಲದಲ್ಲೂ ಹಾರನ್ನು, ಇಂಜಿನ್ನು, ಕಂಡಕ್ಟರು ಎಲ್ಲಾ ನಮ್ಮ ಬಾಯೇ ಆಗಿತ್ತು. ರಾಮನಗರದ ಗೂಡಿನ ಮಾರ್ಕೆಟ್ಟಿನಲ್ಲಿ ಕೂಗೋ ಹರಾಜು ಹೋಗಿ ಕಂಪ್ಯೂಟರ್ ಹರಾಜು ಬಂತು, ಅಲ್ಲಿ ಕಂಪ್ಯೂಟರ್ ಬಂದು ಬಾಯಿ ಮುಚ್ಚಿತು. ಇಲ್ಲಿ ಕಂಪ್ಯೂಟರ್ ಮುಂದೆ ಕೂತವನು ಬಾಯಿ ತೆರೆದಿದ್ದಾನೆ. ತೆರೆದಿರಲಿ.

ಆದರೆ ರೂಮಿಗೊಬ್ಬ ಯಜಮಾನ ಬೇಕು. ಡಿಸ್ಕಾರ್ಡಿನಲ್ಲಿ ರೂಮು ತೆರೆದವನ ಕೈಯಲ್ಲೇ ಎಲ್ಲಾ ಇದೆ. ಯಾರ ಮೈಕನ್ನಾದರೂ ಬಂದ್ ಮಾಡಬಹುದು, ಎತ್ತಿ ಹೊರಗೆ ಹಾಕಬಹುದು, ಎಲ್ಲರಿಗೂ ಬಟನ್ ಒತ್ತಿಯೇ ಮಾತಾಡಿ ಅನ್ನೋ ನಿಯಮ ಹಾಕಬಹುದು. ನಮ್ಮ ರೂಮುಗಳ ಯಜಮಾನರು ಹೆಚ್ಚಾಗಿ ತಾವೇ ಮೊದಲು ಬೈಯೋರು. ಇನ್ನೊಂದು ರೋಗ ಅಡ್ಡಹೆಸರು. "ಡೆವಿಲ್", "ಡಾನ್" ಅಂತ ಹೆಸರು ಇಟ್ಟುಕೊಂಡವನಿಗೆ ಅಪ್ಪನ ಮರ್ಯಾದೆ ನೆನಪಿರಲ್ಲ. ಐರೇಸಿಂಗಿನಲ್ಲಿ ನಿಜವಾದ ಹೆಸರಿನಲ್ಲೇ ಆಡಬೇಕು, ಬಾಯಿಗೆ ಬಂದ ಹಾಗೆ ಮಾತಾಡಿದವನ ಮೇಲೆ ದೂರು ಕೊಡೋ ವ್ಯವಸ್ಥೆಯೂ ಇದೆ. ದುಡ್ಡು ಕೊಟ್ಟು ಆಡುವ ಆಟಕ್ಕೆ ಇಷ್ಟು ಶಿಸ್ತು ಸಾಧ್ಯವಾದರೆ ನಮ್ಮ ಪುಕ್ಕಟೆ ರೂಮಿಗೆ ಯಾಕೆ ಆಗಲ್ಲ?

ಅಪ್ಪ ಅಮ್ಮಂದಿರಿಗೆ ಒಂದು ಮಾತು. ಬೈಯೋ ಮುಂಚೆ ಒಂದೇ ಒಂದು ರಾತ್ರಿ ಮಗನ ಪಕ್ಕ ಕುರ್ಚಿ ಹಾಕಿಕೊಂಡು ಕೂತುಕೊಳ್ಳಿ. ಹೆಡ್‌ಫೋನ್ ತೆಗೆದು ಸ್ಪೀಕರಿಗೆ ಹಾಕು ಅನ್ನಿ. ಒಂದು ರೇಸು ಪೂರ್ತಿ ಕೇಳಿ. ಹುಡುಗ ಸ್ಪೀಕರಿಗೆ ಹಾಕಲ್ಲ ಅಂತ ಹಟ ಹಿಡಿದರೆ ಆ ರೂಮು ಎಂಥದ್ದು ಅಂತ ಅಲ್ಲಿಗೇ ಗೊತ್ತಾಯ್ತು. ಅರ್ಧ ಬೆಲೆಗೆ ಸ್ಟೀರಿಂಗ್ ಕೊಡ್ತೀನಿ, ಲಿಂಕ್ ಒತ್ತು ಅನ್ನೋ ಅಪರಿಚಿತನೂ ಇಂಥ ರೂಮಿನಲ್ಲೇ ಸಿಗೋದು. ದುಡ್ಡು ಹೋಗಿದ್ದರೆ ಮುಚ್ಚಿಡದೆ 1930ಕ್ಕೆ ಫೋನ್ ಮಾಡಿ.

ಕಾಲೇಜು ಹಬ್ಬಗಳಲ್ಲಿ, ಗೇಮಿಂಗ್ ಅಂಗಡಿಗಳಲ್ಲಿ ರೇಸು ಇಡುವವರು ಮುಂದಿನ ನೋಟೀಸಿನಲ್ಲಿ ಬಹುಮಾನದ ಮೊತ್ತದ ಕೆಳಗೆ ಇನ್ನೂ ಎರಡು ಸಾಲು ಸೇರಿಸಲಿ: ನಿಜವಾದ ಹೆಸರಿನಲ್ಲೇ ಆಡಬೇಕು, ಜಾತಿ ಎತ್ತಿದವನನ್ನೂ ಹೆಣ್ಣುಮಕ್ಕಳಿಗೆ ತೊಂದರೆ ಕೊಟ್ಟವನನ್ನೂ ಮೊದಲ ಸ್ಥಾನದಲ್ಲಿದ್ದರೂ ಅಲ್ಲೇ ಹೊರಗೆ ಹಾಕಲಾಗುವುದು. ಇಷ್ಟು ಬರೆದು ಒಬ್ಬನನ್ನಾದರೂ ನಿಜಕ್ಕೂ ಹೊರಗೆ ಹಾಕಿದ ದಿನ ನಮಗೆ ಹೇಳಿ ಕಳಿಸಲಿ, ಸುದ್ದಿ ಹಾಕ್ತೀವಿ.