ಆರು ರೂಪಾಯಿಯ ಅಂಬಾಸಡರ್

ಕಳೆದ ವರ್ಷ ದಸರಾ ರಜೆಗೆ ತೀರ್ಥಹಳ್ಳಿ ಕಡೆಯ ನಮ್ಮ ಅಕ್ಕನ ಮನೆಗೆ ಹೋಗಿದ್ದೆ. ಊಟ ಮುಗಿಸಿ ಅಡಿಕೆ ಹೋಳು ಬಾಯಿಗೆ ಹಾಕಿಕೊಳ್ಳುವಷ್ಟರಲ್ಲಿ ಅಕ್ಕ ವಿಷಯ ತೆಗೆದಳು.

"ಕೊಟ್ಟಿಗೆಯಲ್ಲಿರೋ ಕಾರು ಮಾರಿಬಿಡೋಣ ಅಂತಿದ್ದೀನಿ ಕಣೋ. ನನ್ನ ಮಂಡಿ ಆಪರೇಷನ್ನಿಗೆ ಮಗನ ಹತ್ರ ಕೈಚಾಚೋಕೆ ಮನಸ್ಸಿಲ್ಲ. ನೀನು ಬ್ಯಾಂಕಿನಲ್ಲಿದ್ದವನು. ಅದಕ್ಕೆ ಎಷ್ಟು ಬರುತ್ತೆ, ಲೆಕ್ಕ ಹಾಕು."

ಕಾರು ಎಂದರೆ 1969ರ ಮಾರ್ಕ್ 2 ಅಂಬಾಸಡರ್. ಮುಂದೆ ಚೌಕುಳಿ ಚೌಕುಳಿಯ ಜಾಲರಿ, ಸ್ಟಿಯರಿಂಗಿನ ಪಕ್ಕದಲ್ಲೇ ಗೇರು, ಬೆಂಚಿನಂಥ ಸೀಟು. ನಂಬರು 'ಎಂವೈ' ಎಂದು ಶುರುವಾಗುತ್ತದೆ. ನಮ್ಮದು ಇನ್ನೂ ಮೈಸೂರು ರಾಜ್ಯವಾಗಿದ್ದ ಕಾಲದ್ದು. ಕರ್ನಾಟಕ ಎಂದು ಹೆಸರಾದದ್ದು 1973ರ ನವೆಂಬರ್ 1ರಂದು. ಭಾವ ಅದನ್ನು 1981ರಲ್ಲಿ ಪೇಟೆಯ ಡಾಕ್ಟರೊಬ್ಬರಿಂದ ಕೊಂಡಿದ್ದರು. ಆ ದಿನ ನೋಟು ಎಣಿಸಿ ಕೊಟ್ಟವನು ನಾನೇ. ಎಷ್ಟೋ ಮದುವೆ, ಎಷ್ಟೋ ಹೆರಿಗೆಗೆ ಓಡಿದ ಕಾರು ಇಪ್ಪತ್ತು ವರ್ಷಗಳಿಂದ ಟಾರ್ಪಾಲಿನ ಕೆಳಗೆ ಮಲಗಿತ್ತು. ಭಾವ ಹೋಗಿ ಮೂರು ವರ್ಷ.

ಅಕ್ಕನ ಮೊಮ್ಮಗ ಏಳನೇ ಕ್ಲಾಸು. ನನ್ನನ್ನು ಬ್ಯಾಂಕಜ್ಜ ಎನ್ನುತ್ತಾನೆ. "ಬ್ಯಾಂಕಜ್ಜಾ, ಹಳೇ ಕಾರಿಗೆ ಬೆಲೆ ಕಟ್ಟೋದು ಹೇಗೆ?" ಎಂದ. ಪುಸ್ತಕ ಪೆನ್ಸಿಲು ತರಿಸಿದೆ. ಮಕ್ಕಳೇ, ನೀವೂ ತೆಗೆದುಕೊಳ್ಳಿ.

ಮೊದಲನೆಯದು ಲೆಕ್ಕಪುಸ್ತಕದ ಬೆಲೆ. ಆದಾಯ ತೆರಿಗೆಯ ಲೆಕ್ಕದಲ್ಲಿ ಈಗ ಕಾರಿಗೆ ವರ್ಷಕ್ಕೆ ನೂರಕ್ಕೆ 15 ಸವಕಳಿ. 20,000 ರೂಪಾಯಿಯ ಕಾರು ಎಂದಿಟ್ಟುಕೊಳ್ಳಿ. ಮೊದಲ ವರ್ಷ ಕಳೆದರೆ 17,000, ಎರಡನೇ ವರ್ಷಕ್ಕೆ 14,450, ಮೂರನೇ ವರ್ಷಕ್ಕೆ 12,282 ರೂಪಾಯಿ 50 ಪೈಸೆ. ಹೀಗೆ ಐವತ್ತು ವರ್ಷ ಕಳೆಯುತ್ತಾ ಹೋದರೆ ಉಳಿಯುವುದು ಆರು ರೂಪಾಯಿಗೂ ಕಡಿಮೆ! ಹುಡುಗ ಬಿದ್ದು ಬಿದ್ದು ನಕ್ಕ. "ಅಜ್ಜೀ, ಅಜ್ಜನ ಕಾರಿಗೆ ಆರು ರೂಪಾಯಿಯಂತೆ!"

ಎರಡನೆಯದು ಗುಜರಿ ಬೆಲೆ. ಕಾರಿನ ತೂಕ ಸುಮಾರು 1,100 ಕಿಲೋ. ಗುಜರಿಯವನು ಕಿಲೋಗೆ 25 ಹೇಳಿದ್ದ. ಅಲ್ಲಿಗೆ 27,500.

ಮೂರನೆಯದು ಪ್ರೀತಿಯ ಬೆಲೆ. ಹಳೇ ಕಾರಿನ ಹುಚ್ಚಿರುವವರು ಕೊಡುವಂಥದ್ದು. ಇಂಜಿನ್ ಮೂಲದ್ದೋ ಬದಲಾಯಿಸಿದ್ದೋ, ತಳ ತುಕ್ಕು ಹಿಡಿದಿದೆಯೋ, ದೀಪದ ಬಳೆ, ಗಾಜು, ಬಂಪರ್ ಹಳೆಯವೇ ಇವೆಯೋ ಎಂದು ಅವರು ನೆಲಕ್ಕೆ ಮಲಗಿ ನೋಡುತ್ತಾರೆ. ಬೆಂಗಳೂರಿನಿಂದ ಬಂದವರೊಬ್ಬರು ಹಾಗೆ ಅರ್ಧ ದಿನ ನೋಡಿ, ಎದ್ದು ಕೈಕೊಡವಿ, "ಅಮ್ಮಾ, ಆರ್.ಸಿ. ಪುಸ್ತಕ ಇದ್ದರೆ 2,40,000 ಕೊಡುತ್ತೇನೆ. ಇಲ್ಲದಿದ್ದರೆ ಬಿಡಿಭಾಗಕ್ಕೆಂದು 45,000" ಎಂದರು.

ಕಳೆದು ನೋಡಿ. ಆ ಒಂದು ಪುಸ್ತಕದ ಬೆಲೆ 1,95,000!

ಪುಸ್ತಕ ಎಲ್ಲಿ? ಟ್ರಂಕು, ಅಟ್ಟ, ಹಳೇ ಪಂಚಾಂಗಗಳ ಕಟ್ಟು ಎಲ್ಲ ಜಾಲಾಡಿದೆವು. ಆರ್.ಸಿ. ಸಿಗಲಿಲ್ಲ. ಸಿಕ್ಕಿದ್ದು ಅಂಚು ಗೆದ್ದಲು ತಿಂದ ತೆರಿಗೆ ಕಾರ್ಡು. ಅದರ ಮೇಲಿದ್ದ ಹೆಸರು ಭಾವನದಲ್ಲ, ಡಾಕ್ಟರದು. ಕಾರು ಕೊಂಡು ನಲವತ್ತು ವರ್ಷ ದಾಟಿದರೂ ಭಾವ ಅದನ್ನು ತಮ್ಮ ಹೆಸರಿಗೆ ಮಾಡಿಸಿಕೊಂಡೇ ಇರಲಿಲ್ಲ!

ಆ ಹೊತ್ತಿಗೆ ಸರಿಯಾಗಿ ಒಬ್ಬ ಬ್ರೋಕರ್ ಬಂದ. "ಗುಜರಿಗೆ ಹೋದ ಇದೇ ಮಾಡಲಿನ ಕಾರಿನ ಪುಸ್ತಕ ನನ್ನ ಹತ್ರ ಇದೆ. ಆ ನಂಬರನ್ನೇ ಈ ಕಾರಿಗೆ ಹೊಡೆದರಾಯಿತು. ಹದಿನೈದು ದಿನದಲ್ಲಿ ಒಂದೂವರೆ ಲಕ್ಷ ಕೈಗೆ ಕೊಡ್ತೀನಿ" ಎಂದ.

ಅಕ್ಕ ನನ್ನ ಮುಖ ನೋಡಿದಳು. "ಕಾರು ನಮ್ಮದೇ ಅಲ್ವೇನೋ? ಕದ್ದದ್ದಲ್ಲ. ದುಡ್ಡು ಕೊಟ್ಟಿದ್ದಾರೆ, ನೀನೇ ಎಣಿಸಿದ್ದೀಯ. ಯಾರಿಗೆ ಅನ್ಯಾಯ ಆಗುತ್ತೆ?"

ಉತ್ತರ ಥಟ್ಟನೆ ಹೊಳೆಯಲಿಲ್ಲ. ಅವಳು ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುವುದನ್ನು ದಿನವೂ ನೋಡುತ್ತಿದ್ದೆ. ಆದರೂ "ಬೇಡ ಅಕ್ಕಾ" ಎಂದೆ. "ನಂಬರು ಅಳಿಸಿ ಬೇರೆ ಹೊಡೆಯುವುದು ಅಪರಾಧ. ನಾಳೆ ಆ ಕಾರು ಹಿಡಿದರೆ ಕೊಂಡವನ ದುಡ್ಡೂ ಹೋಯಿತು, ನಿನ್ನ ಹೆಸರೂ ಹೋಯಿತು." ಅಕ್ಕ ಎರಡು ದಿನ ನನ್ನ ಹತ್ತಿರ ಸರಿಯಾಗಿ ಮಾತಾಡಲಿಲ್ಲ.

ಮೂರನೇ ದಿನ ನಾನೂ ಹುಡುಗನೂ ಬಸ್ಸು ಹತ್ತಿ ಆರ್.ಟಿ.ಒ. ಕಚೇರಿಗೆ ಹೋದೆವು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಖಾಸಗಿ ವಾಹನಗಳಿಗೆ 2021ರಲ್ಲಿ 'ವಿಂಟೇಜ್' ಎಂದು ಬೇರೆ ನಿಯಮ ಬಂದಿದೆ. ಹೊಸ ನೋಂದಣಿಗೆ 20,000 ಶುಲ್ಕ, ನಂಬರಿನಲ್ಲಿ 'ವಿಎ' ಎಂಬ ಗುರುತು. ಆ ದಾರಿ ಹಿಡಿಯೋಣ ಎಂದುಕೊಂಡಿದ್ದೆ. ಆದರೆ ದೇಶದಲ್ಲಿ ಮೊದಲೇ ನೋಂದಣಿಯಾದ ಕಾರಾದರೆ ಅದಕ್ಕೂ ಹಳೇ ಆರ್.ಸಿ. ಬೇಕು. ಸುತ್ತಿ ಸುತ್ತಿ ಮತ್ತೆ ಆ ಪುಸ್ತಕದ ಹತ್ತಿರವೇ ಬಂದು ನಿಂತೆವು.

ಅಲ್ಲಿನ ಗುಮಾಸ್ತೆ ದಾರಿ ಹೇಳಿಕೊಟ್ಟರು. ಡಾಕ್ಟರು ಈಗಿಲ್ಲವಾದ್ದರಿಂದ ಅವರ ವಾರಸುದಾರರು ಮುಂದೆ ಬರಬೇಕು. ಕಳೆದ ಪುಸ್ತಕದ ನಕಲಿಗೆ ಪೊಲೀಸ್ ದೂರಿನ ಜೊತೆ ಫಾರಂ 26. ತೀರಿಹೋದವರ ಹೆಸರಿನಿಂದ ವಾರಸುದಾರರ ಹೆಸರಿಗೆ ಬರಲು ಫಾರಂ 31. ಆಮೇಲೆ ಮಾರಾಟಕ್ಕೆ 29 ಮತ್ತು 30. ಜೊತೆಗೆ ಚಾಸಿ ನಂಬರಿನ ಪೆನ್ಸಿಲ್ ಅಚ್ಚು.

ಅಚ್ಚು ತೆಗೆದವನು ಹುಡುಗನೇ. ನಾಣ್ಯದ ಮೇಲೆ ಕಾಗದವಿಟ್ಟು ಪೆನ್ಸಿಲಿನಿಂದ ಉಜ್ಜುತ್ತೀರಲ್ಲ, ಹಾಗೇ. ಬಾನೆಟ್ ಎತ್ತಿ, ಬಟ್ಟೆಯಿಂದ ಜಿಡ್ಡು ಒರೆಸಿ, ಕಾಗದ ಒತ್ತಿ ಉಜ್ಜಿದ. ಒಂದೊಂದೇ ಅಂಕಿ ಬೆಳ್ಳಗೆ ಎದ್ದು ಬಂತು. ತೆರಿಗೆ ಕಾರ್ಡಿನ ಪಕ್ಕ ಹಿಡಿದೆವು. ಒಂದಂಕಿಯೂ ತಪ್ಪಿರಲಿಲ್ಲ.

ಡಾಕ್ಟರ ಮಗ ಶಿವಮೊಗ್ಗದಲ್ಲಿದ್ದಾರೆ, ನನ್ನದೇ ವಯಸ್ಸು. ಹೋಗಿ ವಿಷಯ ಹೇಳಿದೆ. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದರು: "ಹೆಸರು ಬದಲಾಯಿಸಿಕೊಳ್ಳಿ ಅಂತ ಅಪ್ಪ ನಿಮ್ಮ ಭಾವನಿಗೆ ಎರಡು ಸಲ ಪತ್ರ ಬರೆದಿದ್ದರು. ಆ ಕಾರು ಎಲ್ಲಾದರೂ ಯಾರಿಗಾದರೂ ಗುದ್ದಿದರೆ ನೋಟಿಸು ನಮ್ಮ ಮನೆಗೇ ಬರುತ್ತೆ ಅನ್ನೋ ಹೆದರಿಕೆ ಅವರಿಗೆ ಕೊನೇವರೆಗೂ ಇತ್ತು."

ನನಗೆ ತಲೆ ಎತ್ತಲಾಗಲಿಲ್ಲ. ಅವರ ಹೆದರಿಕೆ ಸುಳ್ಳಲ್ಲ. ಕಾರು ಯಾರ ಕೈಯಲ್ಲೇ ಇರಲಿ, ನೋಂದಣಿ ಪುಸ್ತಕದಲ್ಲಿ ಯಾರ ಹೆಸರಿದೆಯೋ ಅವರೇ ಪರಿಹಾರಕ್ಕೆ ಹೊಣೆ ಎಂದು ಸುಪ್ರೀಂ ಕೋರ್ಟ್ 2018ರಲ್ಲಿ ಸ್ಪಷ್ಟವಾಗಿ ಹೇಳಿದೆ. "ಯಾರಿಗೆ ಅನ್ಯಾಯ?" ಎಂದು ಅಕ್ಕ ಕೇಳಿದ್ದಕ್ಕೆ ಉತ್ತರ ಅಲ್ಲಿ ಸಿಕ್ಕಿತು. ಅನ್ಯಾಯ ಆಗಲೇ ಆಗಿತ್ತು, ನಮ್ಮಿಂದಲೇ ಆಗಿತ್ತು. 1981ರಲ್ಲಿ ನೋಟು ಎರಡೆರಡು ಸಲ ಎಣಿಸಿದ ನಾನು, "ಭಾವಾ, ಹೆಸರು ಬದಲಾಯಿಸಿದ್ರಾ?" ಎಂದು ಒಂದು ಸಲವೂ ಕೇಳಿರಲಿಲ್ಲ.

"ತಪ್ಪಾಯಿತು" ಎಂದೆ. ಅವರು ಕಾಫಿ ತರಿಸಿದರು. ತಂಗಿಯ ಒಪ್ಪಿಗೆಯನ್ನೂ ತರಿಸಿ, ಕೇಳಿದಲ್ಲೆಲ್ಲ ಸಹಿ ಹಾಕಿಕೊಟ್ಟರು. ಒಂದು ಪೈಸೆ ಕೇಳಲಿಲ್ಲ. ಪೆನ್ಸಿಲ್ ಅಚ್ಚಿನ ಇನ್ನೊಂದು ಪ್ರತಿ ಹುಡುಗನ ಕೈಯಲ್ಲಿತ್ತು. "ಇದು ನನಗಿರಲಿ ಮರೀ" ಎಂದು ಇಸಿದುಕೊಂಡು ಕನ್ನಡಕದ ಡಬ್ಬಿಯಲ್ಲಿ ಮಡಿಸಿಟ್ಟರು.

ಎಲ್ಲ ಮುಗಿಯಲು ಎಂಟು ತಿಂಗಳಾಯಿತು. ಕಾರನ್ನು ತಪಾಸಣೆಗೆ ಸಿದ್ಧಮಾಡಿಸಿದ್ದು, ಶುಲ್ಕ, ಓಡಾಟ ಸೇರಿ 52,000 ಖರ್ಚು. ಬೆಂಗಳೂರಿನವರು ಮಾತಿನಂತೆ 2,40,000 ಕೊಟ್ಟರು. ಉಳಿದದ್ದು 1,88,000. ಅಕ್ಕನ ಒಂದು ಮಂಡಿ ಈಗ ಸರಿಯಾಗಿದೆ. ಲಾರಿಯ ಮೇಲೆ ಕಾರು ಹೋಗುವ ದಿನ ಗೋಡೆ ಹಿಡಿಯದೆ ಅಂಗಳಕ್ಕಿಳಿದು, ಬಾನೆಟ್ಟಿಗೆ ಕುಂಕುಮ ಹಚ್ಚಿ ಕಳಿಸಿದಳು.

ಅಜ್ಜ ಅಜ್ಜಿಯರೇ, ಮನೆಯಲ್ಲಿರುವ ಸ್ಕೂಟರು, ಕಾರು, ಟ್ರ್ಯಾಕ್ಟರಿನ ಪುಸ್ತಕ ಈ ಭಾನುವಾರ ತೆಗೆದು, ಯಾರ ಹೆಸರಿದೆ ನೋಡಿ. ಮಾರಿದ ವಾಹನವಿದ್ದರೆ ಕೊಂಡವರು ಹೆಸರು ಬದಲಾಯಿಸಿಕೊಂಡರೇ ಎಂದು ವಿಚಾರಿಸಿ. ಮಕ್ಕಳೇ, ನೀವು ಅವರ ಪಕ್ಕ ಕುಳಿತು ನಂಬರು ಓದಿ ಹೇಳಿ. ಅವರ ಕನ್ನಡಕಕ್ಕೆ ಆ ಸಣ್ಣ ಅಂಕಿಗಳು ಕಾಣುವುದಿಲ್ಲ.