ಸಾಲದ ಅರ್ಜಿಗಳು ಗುಜರಿಗೆ ಹೋಗುವುದು ನಿಲ್ಲಲಿ



ಹಳೆ ಪೇಪರ್ ಹಾಕಲು ಮಂಗಳೂರಿನ ಬಂದರಿನ ಗುಜರಿ ಅಂಗಡಿಯೊಂದಕ್ಕೆ ಹೋಗಿದ್ದೆ. ತಕ್ಕಡಿಯ ಪಕ್ಕದ ಗೋಣಿಚೀಲಗಳಲ್ಲಿ ತುಂಬಿದ್ದುದು ಸಾಲದ ಅರ್ಜಿಗಳು. ಫೋಟೊ, ಆಧಾರ್ ಮತ್ತು ಪ್ಯಾನ್ ಜೆರಾಕ್ಸ್, ಪಾಸ್‌ಬುಕ್ಕಿನ ಮೊದಲ ಪುಟ ಎಲ್ಲವೂ ಒಂದೇ ಪಿನ್ನಿನಲ್ಲಿ. ಮೇಲಿದ್ದ ಅರ್ಜಿ ಬೀಡಿ ಕಟ್ಟುವ ಹೆಂಗಸೊಬ್ಬರದು. ಸಹಿಯ ಜಾಗದಲ್ಲಿ ಹೆಬ್ಬೆಟ್ಟು. ಕಚೇರಿ ಖಾಲಿ ಮಾಡಿದ ಫೈನಾನ್ಸಿನವರು ಕಿಲೋ ಲೆಕ್ಕದಲ್ಲಿ ಕೊಟ್ಟು ಹೋದರಂತೆ. ಗುಜರಿಯವರನ್ನು ನಾನು ದೂರುವುದಿಲ್ಲ. ನಂಬಿ ಕಾಗದ ಕೊಟ್ಟವರನ್ನು ಹೀಗೆ ತೂಕಕ್ಕೆ ಹಾಕಿದವರಿಗೆ ನಾಚಿಕೆಯಾಗಬೇಕು.

ಆಸ್ತಿ ನೋಂದಣಿ ಮಾಡಿಸಿ ಬಂದವರ ಖಾತೆಯಿಂದ ಬೆರಳಚ್ಚು ಬಳಸಿ ಹಣ ತೆಗೆದ 2023ರ ಪ್ರಕರಣಗಳನ್ನು ತಮಗೆ ನೆನಪಿಸಬೇಕಿಲ್ಲ. ಆಧಾರ್ ಮೂಲಕ ಹಣ ತೆಗೆಯಲು ಒಟಿಪಿ ಬೇಡ. ಆಧಾರ್ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಸಾಕು. ನೋಂದಣಿ ಪತ್ರದ ಬೆರಳಚ್ಚಿನಿಂದ ರಬ್ಬರ್ ಅಚ್ಚು ತಯಾರಿಸಿದವನು 2018ರಲ್ಲೇ ತೆಲಂಗಾಣದಲ್ಲಿ ಸಿಕ್ಕಿಬಿದ್ದಿದ್ದ. ಬೀಡಿ ಕಟ್ಟುವ ಆ ಹೆಂಗಸಿನ ಅರ್ಜಿಯಲ್ಲಿ ಸಂಖ್ಯೆ, ಬ್ಯಾಂಕಿನ ಹೆಸರು, ಬೆರಳಚ್ಚು ಮೂರೂ ಇದ್ದವು.

ಆ ಅರ್ಜಿಗಳು ಗುಜರಿ ಸೇರಿದ್ದು ಯಾವ ಊರಿನಲ್ಲಿ? 1906ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಯವರು ಕೆನರಾ ಬ್ಯಾಂಕಿಗೆ ಅಡಿಪಾಯ ಹಾಕಿದ ಊರಿನಲ್ಲಿ. 1924ರಲ್ಲಿ ಕರ್ಣಾಟಕ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದ್ದೂ ಇಲ್ಲೇ. ನಾನು ಬ್ಯಾಂಕಿನ ರೆಕಾರ್ಡ್ ರೂಮಿನಲ್ಲಿ ಕೆಲಸ ಮಾಡಿದವನು. ಅವಧಿ ಮುಗಿದ ವೋಚರುಗಳನ್ನು ಪಟ್ಟಿ ಮಾಡಿ, ಮ್ಯಾನೇಜರರ ಒಪ್ಪಿಗೆ ಪಡೆದು, ರಿಜಿಸ್ಟರಿಗೆ ಸಹಿ ಹಾಕಿದ ಮೇಲೆಯೇ ನಾಶ ಮಾಡುತ್ತಿದ್ದೆವು. ಒಂದು ಚೀಟಿಯೂ ಹೊರಗೆ ಹೋಗುತ್ತಿರಲಿಲ್ಲ.

ಜೆರಾಕ್ಸ್ ಅಂಗಡಿಗಳದ್ದು ಇನ್ನೊಂದು ಕಥೆ. ಆಧಾರನ್ನು ಅಂಗಡಿಯವರ ವಾಟ್ಸ್‌ಆ್ಯಪಿಗೆ ಕಳಿಸಬೇಕು. ಅದು ಆ ಫೋನಿನಲ್ಲೇ ಉಳಿಯುತ್ತದೆ. ಕೆಟ್ಟುಹೋದ ಪ್ರತಿ ನಮ್ಮ ಕಣ್ಣೆದುರೇ ಬುಟ್ಟಿಗೆ ಬೀಳುತ್ತದೆ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ವಿಶಿಷ್ಟ ಗುರುತಿನ ಪ್ರಾಧಿಕಾರವೇ ಕೊಡುತ್ತದೆ. ಅದನ್ನು ಕೊಟ್ಟರೆ ಲಾಡ್ಜಿನ ಕೌಂಟರಿನಲ್ಲಿ ‘ಇದು ಆಗುವುದಿಲ್ಲ’ ಎನ್ನುತ್ತಾರೆ. ಪೂರ್ತಿ ಸಂಖ್ಯೆ ಕೇಳಿ ಪಡೆಯುವವರು ಆ ಕಾಗದದ ಹೊಣೆಯನ್ನೂ ಹೊರಬೇಡವೇ?

ಖಾತೆ ಮುಚ್ಚಿದ ಮೇಲೂ ಗ್ರಾಹಕರ ಗುರುತಿನ ದಾಖಲೆಗಳನ್ನು ಐದು ವರ್ಷ ಇಡಬೇಕೆಂದು ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆ ಹೇಳುತ್ತದೆ. 2023ರ ಡಿಜಿಟಲ್ ದತ್ತಾಂಶ ರಕ್ಷಣಾ ಕಾಯ್ದೆಯಾದರೋ ಕಂಪ್ಯೂಟರಿಗೆ ಏರಿದ ಮಾಹಿತಿಗಷ್ಟೇ ಅನ್ವಯ. ಬರೀ ಕಾಗದದಲ್ಲೇ ಉಳಿದದ್ದನ್ನು ಕಾಯುವವರು ಯಾರು?

ದಾರಿ ಇಲ್ಲವೆಂದಲ್ಲ. ಕಚೇರಿಯಲ್ಲಿ ಬೀಗ ಹಾಕಿದ ಪೆಟ್ಟಿಗೆ ಇಟ್ಟು, ಮುಚ್ಚಿದ ವಾಹನದಲ್ಲಿ ಒಯ್ದು, ಕ್ಯಾಮೆರಾ ಎದುರು ಯಂತ್ರಕ್ಕೆ ಹಾಕಿ, ನಾಶವಾಯಿತೆಂದು ಪ್ರಮಾಣಪತ್ರ ಕೊಡುವ ಸಂಸ್ಥೆಗಳು ದೊಡ್ಡ ನಗರಗಳಲ್ಲಿವೆ. ಚೂರು ಕಾಗದ ಮಿಲ್ಲಿಗೆ ಹೋಗುತ್ತದೆ. ಉದ್ದುದ್ದ ಪಟ್ಟಿಯಾಗಿ ಸೀಳುವ ಅಗ್ಗದ ಯಂತ್ರ ಸಾಲದು. 1979ರಲ್ಲಿ ಟೆಹರಾನಿನ ಅಮೆರಿಕನ್ ರಾಯಭಾರ ಕಚೇರಿಯನ್ನು ವಶಪಡಿಸಿಕೊಂಡವರು ಅಲ್ಲಿ ಸಿಕ್ಕಿದ ಅಂಥ ಪಟ್ಟಿಗಳನ್ನು ಜೋಡಿಸಿ ಪುಸ್ತಕಗಳನ್ನೇ ಅಚ್ಚು ಹಾಕಿದರು. ಗೌಪ್ಯ ಕಾಗದಕ್ಕೆ ಜರ್ಮನ್ ಮಾನದಂಡದ ನಾಲ್ಕನೇ ದರ್ಜೆಯಲ್ಲಿ ಒಂದು ಚೂರು 160 ಚದರ ಮಿಲಿಮೀಟರಿಗಿಂತ ದೊಡ್ಡದಿರಬಾರದು.

ಮಹಾನಗರ ಪಾಲಿಕೆ ಉದ್ದಿಮೆ ಪರವಾನಗಿ ನವೀಕರಿಸುವಾಗ ಫೈನಾನ್ಸ್, ಸೊಸೈಟಿ, ಆಸ್ಪತ್ರೆ, ಲಾಡ್ಜುಗಳಿಂದ ಕಾಗದ ನಾಶದ ಪ್ರಮಾಣಪತ್ರವನ್ನು ಕೇಳಲಿ. ಕೊಡದವರಿಗೆ ಪರವಾನಗಿ ಬೇಡ.

– ನಿವೃತ್ತ ಬ್ಯಾಂಕ್ ನೌಕರ, ಕದ್ರಿ, ಮಂಗಳೂರು